ನಮ್ಮೂರ ಸೆಕೆಗೆ ಯಾವ ಆಯಿಲ್? ಎಂಜಿನ್ ಆಯಿಲ್ ಗ್ರೇಡ್ ಆರಿಸುವುದು ಹೀಗೆ

"ನಮ್ಮಲ್ಲಿ ಇಷ್ಟೊಂದು ಸೆಕೆ. ಸ್ವಲ್ಪ ದಪ್ಪ ಆಯಿಲ್ ಹಾಕಿಸಿದರೆ ಎಂಜಿನಿಗೆ ಒಳ್ಳೆಯದಲ್ವಾ?"

ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಲ್ಲಿಯವರು ಕೇಳಿದರೂ ಪ್ರಶ್ನೆ ಇದೇ. ಗ್ಯಾರೇಜಿನಲ್ಲಿ ಮಲಯಾಳದಲ್ಲಿ "ಕಟ್ಟಿ ಆಯಿಲ್" ಎನ್ನುತ್ತಾರೆ, ನಾವು ದಪ್ಪ ಆಯಿಲ್ ಎನ್ನುತ್ತೇವೆ. ನಂಬಿಕೆ ಮಾತ್ರ ಒಂದೇ: ಸೆಕೆಯ ಊರಿಗೆ ದಪ್ಪ ಆಯಿಲ್ಲೇ ಬೇಕು ಅಂತ.

ಇವತ್ತಿನ ಹೆಚ್ಚಿನ ಗಾಡಿಗಳಿಗೆ ಈ ನಂಬಿಕೆ ಸರಿಯಲ್ಲ. ಹೊರಗಿನ ಸೆಕೆ ನೋಡಿ ಆಯಿಲ್ ಆರಿಸುವುದಲ್ಲ, ಎಂಜಿನ್ ನೋಡಿ ಆರಿಸಬೇಕು. ಯಾಕೆ ಎಂದು ಗೊತ್ತಾದರೆ ಅಂಗಡಿಯ ಕಪಾಟಿನ ಮುಂದೆ ನಿಂತು ಗೊಂದಲಪಡಬೇಕಾಗಿಲ್ಲ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಬೇಕಾದವು ಇಷ್ಟೇ: ಗಾಡಿಯ ಮ್ಯಾನುಯಲ್ (ಗಾಡಿ ಕೊಳ್ಳುವಾಗ ಕೊಟ್ಟ ಪುಸ್ತಕ), ಒಂದು ಹಳೆ ಬಟ್ಟೆ, ಒಂದು ಟಾರ್ಚ್, ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕ, ಅರ್ಧ ಗಂಟೆ ಪುರುಸೊತ್ತು.

ಹಂತ 1: ಪುಸ್ತಕ ತೆರೆಯಿರಿ

ಮ್ಯಾನುಯಲ್ಲಿನ ಕೊನೆಯ ಪುಟಗಳಲ್ಲಿ ಗಾಡಿಯ ಅಳತೆ, ತೂಕ, ಟಯರಿನ ಗಾಳಿ ಎಲ್ಲ ಬರೆದಿರುವ ಪಟ್ಟಿ ಇರುತ್ತದೆ. ಎಂಜಿನ್ ಆಯಿಲ್ ವಿಷಯವೂ ಅಲ್ಲೇ ಸಿಗುತ್ತದೆ. ಅಲ್ಲಿಂದ ಮೂರು ಸಂಗತಿ ಬರೆದುಕೊಳ್ಳಿ.

ಒಂದು, ಗ್ರೇಡ್. ಅಂದರೆ 10ಡಬ್ಲ್ಯು-30 ಎಂಬಂಥ ಸಂಖ್ಯೆ. ಎರಡು, ಅದರ ಪಕ್ಕದ ಅಕ್ಷರಗಳು. ಎಪಿಐ ಎಸ್‌ಎನ್, ಜಾಸೊ ಎಂಎ ಎಂಬಂಥವು (ಇವುಗಳ ಅರ್ಥ ಹಂತ 5ರಲ್ಲಿದೆ). ಮೂರು, ಎಷ್ಟು ಆಯಿಲ್ ಹಿಡಿಯುತ್ತದೆ ಎಂಬ ಅಳತೆ. ಇಲ್ಲಿ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ. ಒಂದು ಬರೇ ಆಯಿಲ್ ಬದಲಿಸುವಾಗಿನದು, ಇನ್ನೊಂದು ಎಂಜಿನ್ ಪೂರ್ತಿ ಬಿಚ್ಚಿ ಕಟ್ಟುವಾಗಿನದು ಅಥವಾ ಫಿಲ್ಟರ್ ಸಮೇತ ಬದಲಿಸುವಾಗಿನದು. ನಿಮಗೆ ಯಾವುದು ಬೇಕು ನೋಡಿ ಬರೆದುಕೊಳ್ಳಿ. ಆ ಪುಟದ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಗಾಡಿ, ಪುಸ್ತಕ ಸಿಕ್ಕಿಲ್ಲ ಎಂದರೆ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ, ಹೆಚ್ಚಿನ ಗಾಡಿಗಳ ಮ್ಯಾನುಯಲ್ ಸಿಗುತ್ತದೆ. ಹುಡುಕುವಾಗ ಇಸವಿ ಮುಖ್ಯ. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಬಂತು. ಗಾಡಿಯ ಹೆಸರು ಹಳೆಯದೇ ಇದ್ದರೂ ಒಳಗಿನ ಎಂಜಿನ್ ಬದಲಾಗಿರಬಹುದು, ಆಯಿಲ್ ಕೂಡ ಬದಲಾಗಿರಬಹುದು. ಅದೇ ಕಾರಿನ ಪೆಟ್ರೋಲ್ ಮತ್ತು ಡೀಸೆಲ್ ಮಾದರಿಗಳಿಗೆ ಬೇರೆ ಬೇರೆ ಆಯಿಲ್ ಇರುವುದೂ ಸಾಮಾನ್ಯ. ಕೆಲವು ಕಾರುಗಳಲ್ಲಿ ಆಯಿಲ್ ಸುರಿಯುವ ಮುಚ್ಚಳದ ಮೇಲೆಯೇ ಗ್ರೇಡ್ ಅಚ್ಚಾಗಿರುತ್ತದೆ, ಅದನ್ನೂ ನೋಡಿ.

ಇಲ್ಲಿ ಒಂದು ಎಚ್ಚರ. ಹಿಂದಿನ ಓನರ್ ಯಾವ ಆಯಿಲ್ ಹಾಕುತ್ತಿದ್ದರು ಎಂಬುದು ಆಧಾರವಲ್ಲ. ಸರ್ವಿಸ್ ಸ್ಟಿಕರಿನಲ್ಲಿ ಬರೆದ ಗ್ರೇಡ್ ಕೂಡ ಆಧಾರವಲ್ಲ. ಅವು ಹಿಂದೆ ಹಾಕಿದ್ದೇನು ಎಂದು ಮಾತ್ರ ಹೇಳುತ್ತವೆ.

ಹಂತ 2: ಕ್ಯಾನಿನ ಮೇಲಿನ ಸಂಖ್ಯೆ ಓದಲು ಕಲಿಯಿರಿ

ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ, ಎಷ್ಟು ತಡೆಯುತ್ತದೆ ಎಂಬುದಕ್ಕೆ ವಿಸ್ಕಾಸಿಟಿ ಎಂದು ಹೆಸರು. ನೀರುದೋಸೆಯ ಹಿಟ್ಟು ಕಾವಲಿಗೆ ಹೊಯ್ದ ಕೂಡಲೇ ಹರಡುತ್ತದೆ. ಉದ್ದಿನ ದೋಸೆಯ ಹಿಟ್ಟನ್ನು ಸೌಟಿನಲ್ಲಿ ತಿರುಗಿಸಿ ಹರಡಬೇಕು. ಎರಡನೆಯದರ ವಿಸ್ಕಾಸಿಟಿ ಜಾಸ್ತಿ. ಅಷ್ಟೇ ವಿಷಯ. ನಾನು ಇಲ್ಲಿ ದಪ್ಪ, ತೆಳು ಎಂದೇ ಬರೆಯುತ್ತೇನೆ.

ಆಯಿಲ್ಲಿನ ಗುಣ ಏನೆಂದರೆ, ಬಿಸಿಯಾದಂತೆ ತೆಳುವಾಗುತ್ತದೆ, ತಣಿದಂತೆ ದಪ್ಪವಾಗುತ್ತದೆ. ಜೇನನ್ನು ಬಿಸಿಲಿಗೆ ಇಟ್ಟರೂ ಹೀಗೇ ಆಗುತ್ತದೆ. ಹಾಗಾಗಿ ಒಂದೇ ಸಂಖ್ಯೆಯಲ್ಲಿ ಆಯಿಲ್ಲಿನ ದಪ್ಪ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಎರಡು ಸಂಖ್ಯೆ.

ಎಸ್‌ಎಇ ಎಂಬುದು ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ. ಆಯಿಲ್ಲಿಗೆ ಗ್ರೇಡ್ ಕೊಡುವ ಕ್ರಮವನ್ನು ಅದು ಮೊದಲು ತಂದದ್ದು 1911ರಲ್ಲಿ. ಈಗ ಲೋಕದಲ್ಲೆಲ್ಲ ಬಳಸುವುದು ಅದರ ಜೆ300 ಎಂಬ ಪಟ್ಟಿಯನ್ನೇ.

10ಡಬ್ಲ್ಯು-30 ತೆಗೆದುಕೊಳ್ಳಿ. ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿರುವ 10 ಎಂಬುದು ಕೊರೆಯುವ ಚಳಿಯಲ್ಲಿ ಎಂಜಿನ್ ತಿರುಗಲು ಆಯಿಲ್ ಎಷ್ಟು ಬಿಡುತ್ತದೆ ಎಂಬುದರ ಗುರುತು. 0ಡಬ್ಲ್ಯು ಆಯಿಲ್ಲನ್ನು ಮೈನಸ್ 35 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ. 5ಡಬ್ಲ್ಯುವನ್ನು ಮೈನಸ್ 30ರಲ್ಲಿ, 10ಡಬ್ಲ್ಯುವನ್ನು ಮೈನಸ್ 25ರಲ್ಲಿ, 15ಡಬ್ಲ್ಯುವನ್ನು ಮೈನಸ್ 20ರಲ್ಲಿ, 20ಡಬ್ಲ್ಯುವನ್ನು ಮೈನಸ್ 15ರಲ್ಲಿ. ಸಂಖ್ಯೆ ಚಿಕ್ಕದಾದಷ್ಟೂ ತಣ್ಣಗಿರುವಾಗ ಬೇಗ ಹರಿಯುತ್ತದೆ.

ಕೊನೆಯ 30 ಎಂಬುದು ಎಂಜಿನ್ ಬಿಸಿಯಾದ ಮೇಲಿನ ದಪ್ಪ. ಇದನ್ನು 100 ಡಿಗ್ರಿಯಲ್ಲಿ ಅಳೆಯುತ್ತಾರೆ. ಅಳತೆಗೆ ಸೆಂಟಿಸ್ಟೋಕ್ಸ್ ಎಂದು ಹೆಸರು. 20 ಡಿಗ್ರಿಯ ನೀರು ಸುಮಾರು 1 ಸೆಂಟಿಸ್ಟೋಕ್ಸ್ ಎಂದು ನೆನಪಿಟ್ಟುಕೊಂಡರೆ ಹೋಲಿಸಲು ಸುಲಭ. 20 ಗ್ರೇಡ್ ಎಂದರೆ 6.9ರಿಂದ 9.3ರ ಒಳಗೆ. 30 ಎಂದರೆ 9.3ರಿಂದ 12.5ರ ಒಳಗೆ. 40 ಎಂದರೆ 12.5ರಿಂದ 16.3ರ ಒಳಗೆ. 50 ಎಂದರೆ 16.3ರಿಂದ 21.9ರ ಒಳಗೆ.

ಈ ಅಂಕಿಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಸಂಗತಿ ಮಾತ್ರ ಗಮನಿಸಿ. ಗ್ರೇಡ್ ಎಂದರೆ ಒಂದು ಬಿಂದು ಅಲ್ಲ, ಒಂದು ಪಟ್ಟೆ. ಒಂದು ಕಂಪನಿಯ 30 ಗ್ರೇಡ್ 12.3 ಇರಬಹುದು, ಇನ್ನೊಂದರ 40 ಗ್ರೇಡ್ 12.8 ಇರಬಹುದು. ಹೆಸರು ಬೇರೆ, ದಪ್ಪ ಹೆಚ್ಚುಕಮ್ಮಿ ಒಂದೇ. ಹಾಗೆಯೇ ಎರಡು ಕಂಪನಿಗಳ 30 ಗ್ರೇಡಿನ ನಡುವೆಯೇ ಸಾಕಷ್ಟು ಅಂತರ ಇರಬಹುದು. ಆಯಿಲ್ ಕಂಪನಿಗಳು ಡೇಟಾ ಶೀಟ್ ಎಂಬ ಒಂದು ಪುಟದ ವಿವರ ಹಾಕಿರುತ್ತವೆ. "ಬ್ರ್ಯಾಂಡ್ ಬದಲಿಸಿದ ಮೇಲೆ ಎಂಜಿನ್ ಸದ್ದು ಬದಲಾಯಿತು, ಗ್ರೇಡ್ ಅದೇ" ಎನ್ನುವವರು ಅದನ್ನು ಒಮ್ಮೆ ನೋಡಿ. ಕಾರಣ ಅಲ್ಲೇ ಸಿಗಬಹುದು.

ಗೇರ್ ಆಯಿಲ್ಲಿನ ಸಂಖ್ಯೆ ಬೇರೆಯೇ ಲೆಕ್ಕ. 80ಡಬ್ಲ್ಯು-90 ಎಂದು ನೋಡಿ ಅದು ಎಂಜಿನ್ ಆಯಿಲ್ಲಿಗಿಂತ ಎರಡು ಪಾಲು ದಪ್ಪ ಎಂದುಕೊಳ್ಳಬೇಡಿ. ಅದರ ಅಳತೆಗೋಲೇ ಬೇರೆ. ಸ್ಕೂಟರಿನಲ್ಲಿ ಹಿಂದಿನ ಚಕ್ರದ ಹತ್ತಿರ ಸ್ವಲ್ಪ ಗೇರ್ ಆಯಿಲ್ ಬೇರೆ ಇರುತ್ತದೆ. ಅದನ್ನು ಬದಲಿಸುವುದನ್ನು ಎಷ್ಟೋ ಜನ ಮರೆತೇಬಿಡುತ್ತಾರೆ.

ಹಂತ 3: ಸೆಕೆಯ ಲೆಕ್ಕ ಸರಿಮಾಡಿಕೊಳ್ಳಿ

ಈಗ ಮೂಲ ಪ್ರಶ್ನೆಗೆ ಬರೋಣ.

ಕಾಸರಗೋಡಿನಲ್ಲಿ ಧನು ತಿಂಗಳ ಬೆಳಗಿನ ಜಾವದಲ್ಲೂ ಹವೆ 20 ಡಿಗ್ರಿಗಿಂತ ತುಂಬ ಕೆಳಗೆ ಇಳಿಯುವುದು ಅಪರೂಪ. ಬಾಟಲಿಯ ತೆಂಗಿನೆಣ್ಣೆ ಗಟ್ಟಿಯಾದರೆ ಅದೇ ನಮಗೆ ದೊಡ್ಡ ಚಳಿ. ಬೇಸಗೆಯ ಮಧ್ಯಾಹ್ನ 35ರ ಆಸುಪಾಸು. ಅಂದರೆ ವರ್ಷವಿಡೀ ನೋಡಿದರೂ ಹೊರಗಿನ ಹವೆಯಲ್ಲಿ ಇರುವ ವ್ಯತ್ಯಾಸ ಹದಿನೈದು ಡಿಗ್ರಿಯಷ್ಟು.

ಎಂಜಿನ್ ಒಳಗೆ ಏನಾಗುತ್ತದೆ? ನೀರಿನಿಂದ ತಂಪಾಗುವ ಎಂಜಿನ್, ಅಂದರೆ ರೇಡಿಯೇಟರ್ ಇರುವ ಕಾರು, ಜೀಪು, ಪಿಕಪ್‌ಗಳಲ್ಲಿ ಥರ್ಮೋಸ್ಟಾಟ್ ಎಂಬ ಒಂದು ಸಣ್ಣ ಬಾಗಿಲು ಇದೆ. ಒಳಗಿನ ನೀರು ಸಾಕಷ್ಟು ಬಿಸಿಯಾಗುವ ತನಕ ಅದು ಮುಚ್ಚಿರುತ್ತದೆ, ಬಿಸಿಯಾದ ಮೇಲೆ ತೆರೆಯುತ್ತದೆ. ಹಾಗಾಗಿ ಒಳಗಿನ ನೀರು ಹೆಚ್ಚುಕಮ್ಮಿ 85ರಿಂದ 95 ಡಿಗ್ರಿಯಲ್ಲೇ ನಿಲ್ಲುತ್ತದೆ. ಆಯಿಲ್ಲಿನ ಬಿಸಿಯೂ 100ರ ಸುತ್ತಮುತ್ತ ಇರುತ್ತದೆ. ಹೊರಗೆ 22 ಡಿಗ್ರಿ ಇರಲಿ, 35 ಇರಲಿ, ಹೆಚ್ಚು ವ್ಯತ್ಯಾಸವಿಲ್ಲ. ನಮಗೆ ಬೆವರು ಇಳಿಯುವ ಸೆಕೆ ಎಂಜಿನಿಗೆ ಗೊತ್ತೇ ಆಗುವುದಿಲ್ಲ.

ಗಾಳಿಯಿಂದ ತಂಪಾಗುವ ಎಂಜಿನ್ ಮಾತ್ರ ಹಾಗಲ್ಲ. ಸಾದಾ ಬೈಕು, ಸ್ಕೂಟರ್, ಹಳೆ ಬುಲೆಟ್, ಹೆಚ್ಚಿನ ಆಟೊಗಳು ಈ ಗುಂಪಿನವು. ಹೆದ್ದಾರಿ ಕೆಲಸ ನಡೆಯುವಲ್ಲಿ ಟ್ರಾಫಿಕ್ ಬ್ಲಾಕಿನಲ್ಲಿ ಸಿಕ್ಕಿ ನಿಂತರೆ, ಗಾಳಿ ಆಡದೆ ಅವುಗಳ ಬಿಸಿ ಏರುತ್ತಲೇ ಹೋಗುತ್ತದೆ. ಆದರೆ ಇದನ್ನು ಲೆಕ್ಕ ಹಾಕಿಯೇ ಕಂಪನಿ ಆಯಿಲ್ ಹೇಳಿರುತ್ತದೆ. ರಾಯಲ್ ಎನ್‌ಫೀಲ್ಡ್ 350ಕ್ಕೆ 15ಡಬ್ಲ್ಯು-50 ಎಂದು ಹೇಳಿದ್ದೂ, ಹೋಂಡಾ ಆಕ್ಟಿವಾಕ್ಕೆ 10ಡಬ್ಲ್ಯು-30 ಎಂದು ಹೇಳಿದ್ದೂ ಆಯಾ ಎಂಜಿನಿನ ಲೆಕ್ಕದಿಂದ. ಇಬ್ಬರೂ ಗಾಡಿ ಮಾರುವುದು ಇದೇ ನಮ್ಮ ದೇಶದ ಸೆಕೆಯಲ್ಲಿ. ಮ್ಯಾನುಯಲ್ ಬರೆದವರಿಗೆ ನಮ್ಮ ಹವೆ ಗೊತ್ತಿರಲಿಲ್ಲ ಎಂಬ ವಾದ ನಿಲ್ಲುವುದಿಲ್ಲ.

ದಪ್ಪ ಹಾಕಿದರೆ ಏನಾಗುತ್ತದೆ? ಈಗಿನ ಎಂಜಿನುಗಳಲ್ಲಿ ಭಾಗಗಳ ನಡುವಿನ ಸಂದು ತುಂಬಾ ಸಣ್ಣದು. ಆಯಿಲ್ ಹೋಗುವ ದಾರಿಗಳೂ ಸಣ್ಣವು. ಟೈಮಿಂಗ್ ಚೈನ್ ಬಿಗಿಮಾಡುವ ಟೆನ್ಷನರ್, ವಾಲ್ವ್ ತೆರೆಯುವ ಹೊತ್ತು ಬದಲಿಸುವ ಭಾಗ, ಇವೆಲ್ಲ ಅನೇಕ ಎಂಜಿನುಗಳಲ್ಲಿ ಆಯಿಲ್ಲಿನ ಒತ್ತಡದಿಂದಲೇ ಕೆಲಸ ಮಾಡುತ್ತವೆ. ಹೇಳಿದ್ದಕ್ಕಿಂತ ದಪ್ಪ ಆಯಿಲ್ ಹಾಕಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ಆಯಿಲ್ ತಲುಪಲು ತಡವಾಗುತ್ತದೆ. ಗಾಡಿಯ ಎಳೆತ ಮಂಕಾಗುತ್ತದೆ. ಇಂಧನವೂ ಜಾಸ್ತಿ ಬೇಕು. ಸರಿಯಾದ ಗ್ರೇಡ್ ಬಿಟ್ಟು ಒಂದು ಮೆಟ್ಟಿಲು ದಪ್ಪ ಹಾಕಿದರೆ ಶೇಕಡಾ 1ರಿಂದ 2ರಷ್ಟು ಮೈಲೇಜ್ ಕಳೆದುಕೊಳ್ಳಬಹುದು.

"ನಮ್ಮಲ್ಲಿ ಚಳಿಯೇ ಇಲ್ಲ, ಡಬ್ಲ್ಯು ಹಿಂದಿನ ಸಂಖ್ಯೆ ಯಾಕೆ ನೋಡಬೇಕು?" ಎಂದೂ ಕೇಳುತ್ತಾರೆ. ಮೈನಸ್ ಡಿಗ್ರಿ ನಮಗೆ ಇಲ್ಲ, ನಿಜ. ಆದರೆ ಎಂಜಿನಿನ ಮಟ್ಟಿಗೆ 25 ಡಿಗ್ರಿಯೂ ತಣ್ಣಗೇ. 40 ಡಿಗ್ರಿಯಲ್ಲಿ ಸಾಮಾನ್ಯ 10ಡಬ್ಲ್ಯು-30 ಸುಮಾರು 70 ಸೆಂಟಿಸ್ಟೋಕ್ಸ್ ಇದ್ದರೆ, 20ಡಬ್ಲ್ಯು-50 ಸುಮಾರು 160 ಇರುತ್ತದೆ. 25ರಲ್ಲಿ ಎರಡೂ ಇನ್ನಷ್ಟು ದಪ್ಪ. ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಹೋಗಿ ಹಾಲು, ಪೇಪರ್ ತರುವ ಸ್ಕೂಟರಿಗೆ ಅರ್ಧ ದಾರಿ ಈ ತಣ್ಣನೆಯ ಹೊತ್ತಿನಲ್ಲೇ ಕಳೆಯುತ್ತದೆ.

ಹಾಗೆಂದು ಹೇಳಿದ್ದಕ್ಕಿಂತ ತೆಳು ಹಾಕಲೂ ಹೋಗಬೇಡಿ. ಬುಲೆಟ್ಟಿಗೆ ಮೈಲೇಜ್ ಸಿಗಲಿ ಎಂದು 10ಡಬ್ಲ್ಯು-30 ಹಾಕಿದರೆ, ಬಿಸಿಯಾದಾಗ ಲೋಹ ಲೋಹಕ್ಕೆ ತಾಗದಂತೆ ನಡುವೆ ನಿಲ್ಲಬೇಕಾದ ಆಯಿಲ್ ಪದರ ಸಾಲದೆ ಹೋಗುತ್ತದೆ. ದಪ್ಪ ಆಯಿಲ್ಲಿನ ತಪ್ಪು ನಿಧಾನ ಕಾಣುತ್ತದೆ. ತೆಳು ಆಯಿಲ್ಲಿನ ತಪ್ಪು ಬೇಗ ಸವೆತ ತರುತ್ತದೆ.

ಹಂತ 4: ಮ್ಯಾನುಯಲ್ ಎರಡು ಮೂರು ಗ್ರೇಡ್ ಹೇಳಿದ್ದರೆ

ಕೆಲವು ಪುಸ್ತಕಗಳಲ್ಲಿ ಹೊರಗಿನ ಹವೆಗೆ ತಕ್ಕಂತೆ ಗ್ರೇಡುಗಳ ಒಂದು ಚಿತ್ರ ಇರುತ್ತದೆ. ಕೆಳಗೆ ಡಿಗ್ರಿ, ಮೇಲೆ ಅಡ್ಡ ಪಟ್ಟೆಗಳು. ನಮ್ಮ ಊರಿಗೆ 20ರಿಂದ 40 ಡಿಗ್ರಿಯನ್ನು ಪೂರ್ತಿ ಒಳಗೊಂಡ ಪಟ್ಟೆಗಳೆಲ್ಲ ಸರಿ. ಊರಿನ ಹವೆಯನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಇಲ್ಲಿ ಮಾತ್ರ, ಈ ಪಟ್ಟಿಯ ಒಳಗೆ ಮಾತ್ರ.

ಅವುಗಳಲ್ಲಿ ಯಾವುದು? ನಾನು ಹೇಳುವುದು ಹೀಗೆ. ಶಾಲೆ, ಬ್ಯಾಂಕು, ಪೇಟೆ ಎಂದು ಸಣ್ಣ ಓಡಾಟವೇ ಜಾಸ್ತಿ ಇದ್ದರೆ ಪಟ್ಟಿಯಲ್ಲಿನ ತೆಳು ಗ್ರೇಡ್ ತೆಗೆದುಕೊಳ್ಳಿ. ಕೋರೆಯಿಂದ ಕೆಂಪುಕಲ್ಲು, ತೋಟದಿಂದ ಅಡಕೆ ಮೂಟೆ ಹೇರುವ ಪಿಕಪ್, ರಾಣಿಪುರದ ಏರಿಗೆ ಜನ ತುಂಬಿ ಹೋಗುವ ಜೀಪ್, ವಾರಕ್ಕೊಮ್ಮೆ ಸುಳ್ಯದ ಮೇಲಾಗಿ ಮಡಿಕೇರಿ ಘಾಟಿ ಹತ್ತುವ ಗಾಡಿಯಾದರೆ ಪಟ್ಟಿಯಲ್ಲಿನ ದಪ್ಪ ಗ್ರೇಡ್ ತೆಗೆದುಕೊಳ್ಳಿ. ಪಟ್ಟಿಯ ಹೊರಗೆ ಹೋಗಬೇಡಿ.

ಗಾಡಿ ಹಳತಾದರೆ? "ಒಂದು ಲಕ್ಷ ಕಿಲೋಮೀಟರ್ ದಾಟಿತು, ಇನ್ನು ದಪ್ಪ ಆಯಿಲ್ ಹಾಕಬೇಕು" ಎನ್ನುತ್ತಾರೆ. ಕಿಲೋಮೀಟರ್ ಒಂದೇ ಕಾರಣ ಆಗಬಾರದು. ಆಯಿಲ್ ಕಡಿಮೆಯಾಗದೆ, ಹೊಗೆ ಇಲ್ಲದೆ, ಸದ್ದು ಇಲ್ಲದೆ ಓಡುವ ಎಂಜಿನಿಗೆ ಗ್ರೇಡ್ ಬದಲಿಸುವುದು ಬೇಡ. ಎರಡು ಸರ್ವಿಸಿನ ನಡುವೆ ಆಯಿಲ್ ಗಣನೀಯವಾಗಿ ಕಮ್ಮಿಯಾಗುತ್ತಿದ್ದರೆ ಮೊದಲು ಸೋರಿಕೆ ಇದೆಯಾ ನೋಡಿಸಿ. ಗಾಡಿ ನಿಲ್ಲಿಸುವ ಜಾಗದಲ್ಲಿ ರಾತ್ರಿ ಒಂದು ರಟ್ಟು ಹಾಸಿಟ್ಟರೆ ಬೆಳಿಗ್ಗೆ ಗೊತ್ತಾಗುತ್ತದೆ. ಸೋರಿಕೆ ಇಲ್ಲದೆ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಆಗ ಮ್ಯಾನುಯಲ್ ಒಪ್ಪುವ ಗ್ರೇಡುಗಳಲ್ಲಿ ಮುಂದಿನದಕ್ಕೆ ಒಂದು ಮೆಟ್ಟಿಲು ಹೋಗಬಹುದು, 30 ಇದ್ದದ್ದು 40. ಸ್ವಲ್ಪ ದಿನ ತಳ್ಳಬಹುದು. ಸವೆದ ರಿಂಗು, ಹಾಳಾದ ಸೀಲು ಇದರಿಂದ ಸರಿಹೋಗುವುದಿಲ್ಲ.

ಹಂತ 5: ಅಕ್ಷರಗಳನ್ನು ಬಿಡಬೇಡಿ

ಗ್ರೇಡ್ ಸರಿ ಇದ್ದೂ ಆಯಿಲ್ ತಪ್ಪಾಗಬಹುದು. ಹೆಚ್ಚು ಜನ ಎಡವುವುದು ಇಲ್ಲೇ.

ಗೇರ್ ಇರುವ ಬೈಕಿನಲ್ಲಿ ಎಂಜಿನ್, ಗೇರ್, ಕ್ಲಚ್ ಸಾಮಾನ್ಯವಾಗಿ ಒಂದೇ ಆಯಿಲ್ಲಿನಲ್ಲಿ ಮುಳುಗಿರುತ್ತವೆ. ಕ್ಲಚ್ ಪ್ಲೇಟುಗಳು ಜಾರದೆ ಒಂದನ್ನೊಂದು ಹಿಡಿಯಬೇಕು. ಅದಕ್ಕೆ ತಕ್ಕ ಆಯಿಲ್ಲಿಗೆ ಜಪಾನಿನ ಜಾಸೊ ಸಂಸ್ಥೆಯ ಎಂಎ ಅಥವಾ ಎಂಎ2 ಎಂಬ ಗುರುತು ಇರುತ್ತದೆ. ಆಕ್ಟಿವಾದಂಥ ಗೇರಿಲ್ಲದ ಸ್ಕೂಟರಿನಲ್ಲಿ ಕ್ಲಚ್ ಒಣಗಿಯೇ ಇರುತ್ತದೆ, ಆಯಿಲ್ ತಾಗುವುದಿಲ್ಲ. ಅದಕ್ಕೆ ಎಂಬಿ. ಈ ಆಯಿಲ್ ಹೆಚ್ಚು ಜಾರುತ್ತದೆ, ಮೈಲೇಜಿಗೆ ಒಳ್ಳೆಯದು.

ಈಗ ನೋಡಿ, ಸ್ಪ್ಲೆಂಡರಿಗೂ 10ಡಬ್ಲ್ಯು-30, ಆಕ್ಟಿವಾಕ್ಕೂ 10ಡಬ್ಲ್ಯು-30. ಆದರೆ ಒಂದಕ್ಕೆ ಎಂಎ, ಇನ್ನೊಂದಕ್ಕೆ ಎಂಬಿ. ಮನೆಯಲ್ಲಿ ಎರಡೂ ಇದ್ದು ಸ್ಕೂಟರಿನ ಆಯಿಲ್ ಬೈಕಿಗೆ ಹೊಯ್ದರೆ ಕ್ಲಚ್ ಜಾರತೊಡಗುತ್ತದೆ. ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಕಾರಿನ ಆಯಿಲ್ ಹೊಯ್ದರೂ ಇದೇ ಕಥೆ. ನನ್ನ ಬೈಕಿಗೆ ಒಂದು ಗ್ಯಾರೇಜಿನಲ್ಲಿ ಹೀಗಾಗಿ, ಕೊನೆಗೆ ಕ್ಲಚ್ ಪ್ಲೇಟುಗಳನ್ನೇ ಬದಲಿಸಬೇಕಾಯಿತು. ತಿರುಗಾಮುರುಗಾ, ಎಂಎ ಆಯಿಲ್ಲನ್ನು ಸ್ಕೂಟರಿಗೆ ಹೊಯ್ದರೆ ಹಾನಿ ಇಲ್ಲ, ಮೈಲೇಜ್ ಸ್ವಲ್ಪ ಕಮ್ಮಿಯಾದೀತು.

ಎಪಿಐ ಎಂಬುದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ಗುರುತು. ಅದರ ಮೊದಲ ಅಕ್ಷರ ಎಸ್ ಇದ್ದರೆ ಪೆಟ್ರೋಲ್, ಸಿ ಇದ್ದರೆ ಡೀಸೆಲ್. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸದು. ಎಸ್‌ಎಲ್ 2001ರದ್ದು, ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಕಾರಿನ ಮ್ಯಾನುಯಲ್ಲಿನಲ್ಲಿ ಎಸ್‌ಎನ್ ಎಂದಿದ್ದರೆ ಎಸ್‌ಪಿ ಹಾಕಬಹುದು, ಎಸ್‌ಎಲ್ ಹಾಕಬಾರದು. ಬೈಕಿಗಾದರೆ ಎಪಿಐ ಎಷ್ಟು ಹೊಸದಾದರೂ ಎಂಎ ಗುರುತು ಇರಲೇಬೇಕು.

ಬಿಎಸ್6 ಡೀಸೆಲ್ ಕಾರು ಇರುವವರು ಇದನ್ನು ಗಮನವಿಟ್ಟು ಓದಿ. ಈ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಜಾಳಿಗೆ ಇರುತ್ತದೆ. ಸಾದಾ ಡೀಸೆಲ್ ಆಯಿಲ್ ಉರಿದಾಗ ಉಳಿಯುವ ಬೂದಿ ಈ ಜಾಳಿಗೆಯನ್ನು ಕಟ್ಟಿಸುತ್ತದೆ. ಮಸಿಯನ್ನು ಸುಟ್ಟು ತೆಗೆಯಬಹುದು, ಬೂದಿಯನ್ನು ಸುಡಲು ಆಗುವುದಿಲ್ಲ. ಅದಕ್ಕಾಗಿ ಬೂದಿ ಕಮ್ಮಿ ಇರುವ ಆಯಿಲ್ ಬೇಕು. ಯುರೋಪಿನ ಎಸಿಇಎ ಗುರುತಿನಲ್ಲಿ ಸಿ2, ಸಿ3 ಎಂಬಂಥವು ಈ ಜಾತಿಯವು. ಸಿ2 ಮತ್ತು ಸಿ3 ಒಂದೇ ಅಲ್ಲ. ಪುಸ್ತಕದಲ್ಲಿ ಯಾವುದಿದೆಯೋ ಅದನ್ನೇ ತನ್ನಿ. ಟ್ರ್ಯಾಕ್ಟರಿಗೆ ತಂದು ಉಳಿದ 15ಡಬ್ಲ್ಯು-40 ಆಯಿಲ್ಲನ್ನು ಹೊಸ ಡೀಸೆಲ್ ಕಾರಿಗೆ ಹೊಯ್ಯಬೇಡಿ. ಡಿಪಿಎಫ್ ಬದಲಿಸುವ ಖರ್ಚು ತುಂಬಾ ದೊಡ್ಡದು.

ಮಿನರಲ್, ಸೆಮಿ ಸಿಂಥೆಟಿಕ್, ಸಿಂಥೆಟಿಕ್ ಎಂಬುದು ಆಯಿಲ್ ತಯಾರಿಸಿದ ಬಗೆ. ದಪ್ಪ ಅಲ್ಲ. ಸಿಂಥೆಟಿಕ್ ಆಯಿಲ್ ಬಿಸಿಗೆ ಹೆಚ್ಚು ದಿನ ತಡೆಯುತ್ತದೆ. 0ಡಬ್ಲ್ಯು-20 ಹಾಕಬೇಕಾದ ಈಚಿನ ಪೆಟ್ರೋಲ್ ಕಾರುಗಳಿಗೆ ಸಿಂಥೆಟಿಕ್ಕೇ ಬರುತ್ತದೆ. ಹಳೆ ಬೈಕಿಗೆ ಪುಸ್ತಕ ಕೇಳದಿದ್ದರೆ ಅಷ್ಟು ದುಡ್ಡು ಕೊಡಬೇಕಾಗಿಲ್ಲ.

ಹಂತ 6: ಕೊಳ್ಳುವಾಗ

ಬರೆದುಕೊಂಡ ಚೀಟಿ ಹಿಡಿದು ಹೋಗಿ. "ಆಕ್ಟಿವಾದ ಆಯಿಲ್ ಕೊಡಿ" ಎಂದು ಕೇಳುವುದಕ್ಕಿಂತ "10ಡಬ್ಲ್ಯು-30, ಜಾಸೊ ಎಂಬಿ" ಎಂದು ಕೇಳಿ. ಕ್ಯಾನಿನ ಹಿಂಬದಿ ತಿರುಗಿಸಿ ಎರಡೂ ಇದೆಯಾ ನೀವೇ ಓದಿ. ಮುಂಬದಿಯ ದೊಡ್ಡ ಅಕ್ಷರ, ಓಡುವ ಬೈಕಿನ ಚಿತ್ರ ನೋಡಿ ತೀರ್ಮಾನಿಸಬೇಡಿ.

ಡ್ರಮ್ಮಿನಿಂದ ಅಳೆದು ಕೊಡುವ ಲೂಸ್ ಆಯಿಲ್ ಬೇಡ. ಅದರ ಗ್ರೇಡ್ ಏನು ಎಂದು ನೋಡಲು ನಿಮಗೆ ದಾರಿಯೇ ಇಲ್ಲ. ಸೀಲು ಒಡೆಯದ ಕ್ಯಾನನ್ನು ನಿಮ್ಮ ಎದುರಿಗೇ ತೆರೆಯಲು ಹೇಳಿ. ತಯಾರಾದ ತಿಂಗಳು ನೋಡಿ. ಕೆಲಸ ಮುಗಿದ ಮೇಲೆ ಖಾಲಿ ಕ್ಯಾನಿಗೆ ಒಂದು ತೂತು ಮಾಡಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾಗುವುದು ಇಂಥ ಒಳ್ಳೆಯ ಖಾಲಿ ಕ್ಯಾನುಗಳೇ.

ಅವಸರದಲ್ಲಿ ಅದೇ ಗ್ರೇಡ್ ಸಿಗದಿದ್ದರೆ? ಆಯಿಲ್ ಕನಿಷ್ಠ ಗೆರೆಗಿಂತ ಕೆಳಗಿದೆ, ರಾತ್ರಿ ದಾರಿಯಲ್ಲಿದ್ದೀರಿ ಎಂದಾದರೆ ಹತ್ತಿರದ ಗ್ರೇಡಿನ ಬೇರೆ ಬ್ರ್ಯಾಂಡ್ ಆಯಿಲ್ ಸ್ವಲ್ಪ ಸೇರಿಸಬಹುದು. ಎಂಜಿನ್ ಆಯಿಲ್ಲುಗಳು ಒಂದರೊಳಗೊಂದು ಬೆರೆಯುತ್ತವೆ, ಮೊಸರಿನಂತೆ ಒಡೆಯುವುದಿಲ್ಲ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಅದು ಎಷ್ಟೋ ವಾಸಿ. ಊರಿಗೆ ಬಂದ ಮೇಲೆ ಪೂರ್ತಿ ಬದಲಿಸಿ.

ಹಂತ 7: ಹಾಕಿದ ಮೇಲೆ ಅಳತೆ ನೋಡಿ

ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ. ನಮ್ಮ ಮನೆಗಳ ಅಂಗಳ, ದಾರಿ ಎಲ್ಲ ಇಳಿಜಾರು, ಅಲ್ವಾ? ಇಳಿಜಾರಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಬೈಕನ್ನು ಸೈಡ್ ಸ್ಟ್ಯಾಂಡಿನಲ್ಲಿಟ್ಟು ನೋಡಿದರೂ ತಪ್ಪು, ನೆಟ್ಟಗೆ ನಿಲ್ಲಬೇಕು.

ಎಂಜಿನ್ ಐದು ನಿಮಿಷ ಓಡಿಸಿ, ಆರಿಸಿ, ಆಯಿಲ್ ಕೆಳಗೆ ಇಳಿಯಲು ಕೆಲವು ನಿಮಿಷ ಬಿಡಿ. ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿ ತೆಗೆದು ಒರೆಸಿ, ಮತ್ತೆ ಅದ್ದಿ ನೋಡಿ. ಎರಡು ಗೆರೆಗಳ ನಡುವೆ ಇರಬೇಕು. ಕೆಲವು ಬೈಕು, ಸ್ಕೂಟರುಗಳಲ್ಲಿ ಕಡ್ಡಿಯನ್ನು ತಿರುಗಿಸಿ ಬಿಗಿಮಾಡದೆ ಸುಮ್ನೆ ಇಟ್ಟು ನೋಡಬೇಕು. ನಿಮ್ಮದು ಯಾವ ಬಗೆ ಎಂದು ಪುಸ್ತಕದಲ್ಲಿದೆ.

ಮೇಲಿನ ಗೆರೆ ದಾಟಿಸಬೇಡಿ. "ಸ್ವಲ್ಪ ಜಾಸ್ತಿ ಇರಲಿ" ಎಂಬುದು ಆಯಿಲ್ಲಿಗೆ ಸಲ್ಲದು. ಜಾಸ್ತಿಯಾದರೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಗೆ ಲೋಹವನ್ನು ಕಾಯುವ ಶಕ್ತಿ ಇಲ್ಲ. ಮನೆಯಲ್ಲೇ ಬದಲಿಸುವವರು ಡ್ರೈನ್ ಬೋಲ್ಟನ್ನು ಬಲ ಹಾಕಿ ತಿರುಗಿಸಬೇಡಿ. ಕೆಳಗಿನ ಭಾಗ ಹೆಚ್ಚಾಗಿ ಅಲ್ಯೂಮಿನಿಯಂ, ಬೋಲ್ಟ್ ಕೂರುವ ತಿರುಪಿನ ಮರೆ ಹಾಳಾದರೆ ದೊಡ್ಡ ಕೆಲಸ. ವಾಷರ್ ಹೊಸದು ಹಾಕಿ.

ಬಣ್ಣ ನೋಡಿ ಆಯಿಲ್ ಹಾಳಾಯಿತು ಎನ್ನಬೇಡಿ. ಡೀಸೆಲ್ ಎಂಜಿನಿನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ. ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಬೆರಳಿಗೆ ತಾಗಿಸಿ ಉಜ್ಜಿ ದಪ್ಪ ಹೇಳುವುದೂ ಆಗದ ಮಾತು. ಕೈಬೆರಳಿನ ಬಿಸಿಯಲ್ಲಿ 30 ಮತ್ತು 40 ಗ್ರೇಡಿನ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ. ಆದರೆ ಕಡ್ಡಿಯಲ್ಲಿ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ಬಂದಿದ್ದರೆ ಅದು ನೀರು ಸೇರಿದ ಗುರುತು. ಮಳೆಗಾಲದಲ್ಲಿ ಗಾಡಿ ನೀರಿನಲ್ಲಿ ಮುಳುಗಿದ್ದರೆ ಸ್ಟಾರ್ಟ್ ಮಾಡಲೇಬೇಡಿ, ಎತ್ತಿಸಿ ಗ್ಯಾರೇಜಿಗೆ ಕೊಂಡುಹೋಗಿ.

ಗಲ್ಫಿನಲ್ಲಿರುವವರ ಮನೆಗಳಲ್ಲಿ ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲೇ ಇರುತ್ತದೆ. ಕಿಲೋಮೀಟರ್ ಆಗಲಿಲ್ಲ ಎಂದು ಆಯಿಲ್ ಬದಲಿಸುವುದಿಲ್ಲ. ಮ್ಯಾನುಯಲ್ಲಿನಲ್ಲಿ ಕಿಲೋಮೀಟರ್ ಜೊತೆಗೆ ತಿಂಗಳೂ ಬರೆದಿರುತ್ತದೆ. ಯಾವುದು ಮೊದಲೋ ಅದು. ನಮ್ಮ ಮಳೆಗಾಲದ ತೇವದಲ್ಲಿ ನಿಂತ ಗಾಡಿಗೆ ಇದು ಇನ್ನೂ ಮುಖ್ಯ.

ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಯ ಗಿಂಡಿಯಂಥ ಕೆಂಪು ದೀಪ ಓಡುವಾಗ ಹತ್ತಿದರೆ ಆ ಕ್ಷಣವೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಮನೆ ಹತ್ತಿರವೇ ಇದೆ ಎಂದು ಓಡಿಸಬೇಡಿ.

ತೋಟದ ಮೆಷಿನ್‌ಗಳಿಗೆ

ಇದನ್ನೂ ಬಹಳ ಜನ ಕೇಳುತ್ತಾರೆ. ಹುಲ್ಲು ಹೆರೆಯುವ ಮೆಷಿನ್, ಅಡಕೆಗೆ ಮದ್ದು ಬಿಡುವ ಪಂಪು ಟೂ ಸ್ಟ್ರೋಕ್ ಆಗಿದ್ದರೆ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಅದಕ್ಕೆ ಟೂ ಸ್ಟ್ರೋಕ್ ಆಯಿಲ್ಲೇ ಆಗಬೇಕು, ಜಾಸೊ ಎಫ್‌ಸಿ ಅಥವಾ ಎಫ್‌ಡಿ ಗುರುತಿನದು. ಬೈಕಿನ ಆಯಿಲ್ ಆಗದು. ಮೆಷಿನ್ ಮೇಲೆ 50:1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್, 40:1 ಎಂದಿದ್ದರೆ 25, 25:1 ಎಂದಿದ್ದರೆ 40. ಫೋರ್ ಸ್ಟ್ರೋಕ್ ಆಗಿದ್ದರೆ ಪೆಟ್ರೋಲಿಗೆ ಏನೂ ಬೆರೆಸಬೇಡಿ. ಅದಕ್ಕೆ ಬೇರೆ ಆಯಿಲ್ ಗುಂಡಿ ಇರುತ್ತದೆ, ಹೆಚ್ಚಾಗಿ 10ಡಬ್ಲ್ಯು-30 ಅಥವಾ ಎಸ್‌ಎಇ 30. ಕೆಲಸಕ್ಕೆ ಬರುವವರು ಎರಡನ್ನೂ ಅದಲುಬದಲು ಮಾಡದಂತೆ ಮೆಷಿನ್ ಮೇಲೆಯೇ ಪೇಂಟಿನಲ್ಲಿ ಬರೆದಿಡಿ.

ಹಳೆ ಆಯಿಲ್ ಎಲ್ಲಿ ಹಾಕುವುದು?

ತೋಟದ ಮೂಲೆಗೆ ಸುರಿಯಬೇಡಿ. ಬೇಲಿ ಕಂಬಕ್ಕೆ ಗೆದ್ದಲು ಬಾರದಿರಲೆಂದು ಬಳಿಯುವುದೂ ಬೇಡ. ಎಂಜಿನಿನಲ್ಲಿ ಓಡಿದ ಆಯಿಲ್ಲಿನಲ್ಲಿ ಲೋಹದ ಪುಡಿ, ಸುಟ್ಟ ಇಂಧನದ ವಿಷ ಎಲ್ಲ ಸೇರಿರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಇದೂ ಸೇರಿದೆ. ನಮ್ಮದು ಮುರಕಲ್ಲಿನ ನೆಲ, ಮೇಲೆ ಬಿದ್ದದ್ದು ಮಳೆಯೊಂದಿಗೆ ಬೇಗ ಒಳಗೆ ಇಳಿಯುತ್ತದೆ. ಅದೇ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ, ಅದೇ ಬಾವಿಯಿಂದ ಕುಡಿಯುವ ನೀರು ಬರುತ್ತದೆ. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೆಗೆದ ಆಯಿಲ್ಲನ್ನು ಹೊಸ ಆಯಿಲ್ ಬಂದ ಕ್ಯಾನಿಗೇ ಚೆಲ್ಲದಂತೆ ತುಂಬಿ. ಅದಕ್ಕೆ ನೀರು, ಪೆಟ್ರೋಲ್ ಸೇರಿಸಬೇಡಿ. ಮುಚ್ಚಳ ಬಿಗಿಮಾಡಿ "ಹಳೆ ಆಯಿಲ್" ಎಂದು ಬರೆದು ಮಕ್ಕಳ ಕೈಗೆ ಸಿಗದಲ್ಲಿ ಇಡಿ. ದೊಡ್ಡ ಗ್ಯಾರೇಜುಗಳಿಂದ ಹಳೆ ಆಯಿಲ್ ಕೊಂಡುಹೋಗಿ ಶುದ್ಧ ಮಾಡುವವರಿಗೆ ಕೊಡುವ ವ್ಯವಸ್ಥೆ ಇರುತ್ತದೆ. ನಿಮ್ಮ ಗ್ಯಾರೇಜಿನವರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಮುಂದಿನ ಸಲ ಹೋಗುವಾಗ ಕ್ಯಾನ್ ಒಪ್ಪಿಸಿ. ತೂತು ಮಾಡುವುದು ಆಮೇಲೆ, ಅದು ಖಾಲಿಯಾದ ಮೇಲೆ.